ಬಾಣಂತಿ ಗವಿಯ ಹಗ್ಗ

ನಮ್ಮ ಗವಿಯಲ್ಲಿ ಯಾವ ಮುನಿಯೂ ತಪಸ್ಸು ಮಾಡಲಿಲ್ಲ. ಅಲ್ಲಿ ಹೆಂಗಸರು ಹೆರುತ್ತಿದ್ದರು. ಮುನಿಯನ್ನು ಹುಟ್ಟಿಸಿದವನು ನಮ್ಮಪ್ಪ. ಆ ಮುನಿಯ ದೆಸೆಯಿಂದ ಸತ್ತವಳು ನಮ್ಮವ್ವ. ನಡೆದದ್ದು ಇಷ್ಟು. ಗವಿಯ ಬಾಯಲ್ಲಿ ಈಗ ನೆಟ್ಟಿರುವ ಬೋರ್ಡು ಬೇರೆ ಹೇಳುತ್ತದೆ. ಒಳಗೆ ಬಂಡೆಗೆ ಹೊಡೆದಿರುವ ಸ್ಪೀಕರು ಅದನ್ನೇ ಗಂಡಸಿನ ಗಡಸು ದನಿಯಲ್ಲಿ ದಿನವಿಡೀ ಒದರುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದ ಕಡೆ ಮೊಮ್ಮಗಳು ಚೈತ್ರ ತಿದ್ದಿದ್ದಾಳೆ. ನಡೆದದ್ದನ್ನು ತಿದ್ದಬೇಡ ಎಂದು ಹೇಳಿಯೇ ಅವಳ ಕೈಗೆ ಕೊಟ್ಟಿದ್ದೇನೆ.

ಬರೆಯುವ ಗೋಜಿಗೆ ಬಿದ್ದದ್ದೂ ಅವಳಿಂದಲೇ. ನಾನು ಮದುವೆಯಾಗಿ ಅರಕಲಗೂಡಿನ ಕಡೆ ಸೇರಿದವಳು. ತಂಬಾಕು ಬೇಯಿಸುವ ಬ್ಯಾರನ್ನುಗಳಿಗೆ ಸೌದೆ ಒಟ್ಟುತ್ತ ಒಟ್ಟುತ್ತ ಮುದುಕಿಯಾದೆ. ತವರಿಗೆ ಹೋಗುವುದು ಯಾವತ್ತೋ ನಿಂತಿತ್ತು, ಹೋಗಲು ಅಲ್ಲಿ ಯಾರೂ ಉಳಿದಿರಲಿಲ್ಲ. ಹಾಸನದಲ್ಲಿ ಕೆಲಸಕ್ಕಿರುವ ಚೈತ್ರ ಈ ಸಲ ರಜೆಗೆ ಬಂದವಳು, ನಿನ್ನ ತವರೂರಿನ ಗವಿ ಫೋನಿನಲ್ಲೆಲ್ಲ ಬರುತ್ತಿದೆ, ಬೆಳಿಗ್ಗೆ ಅದನ್ನು ನೋಡಿಕೊಂಡು ಮಧ್ಯಾಹ್ನಕ್ಕೆ ಶೆಟ್ಟಿಹಳ್ಳಿಯ ಮುಳುಗಿದ ಚರ್ಚು ನೋಡಿಕೊಂಡು ಬರೋಣ ಎಂದು ಕಾರು ಹತ್ತಿಸಿದಳು. ದಂಡಿಗನಹಳ್ಳಿ ದಾಟಿದ ಮೇಲೆ ರಸ್ತೆ ನನಗೆ ಗುರುತು ಸಿಗಲಿಲ್ಲ. ಬೋಳುಬಂಡೆ ಕಂಡ ಮೇಲೆ ಊರು ಗುರುತಾಯಿತು. ನಮ್ಮ ಮನೆ ಇರಲಿಲ್ಲ. ನಮ್ಮ ಒಲೆ ಇದ್ದ ಜಾಗದಲ್ಲಿ ಒಬ್ಬ ಕುರ್ಚಿ ಹಾಕಿಕೊಂಡು ಕೂತು ಟಿಕೇಟು ಹರಿದು ಕೊಡುತ್ತಿದ್ದ. ಪಕ್ಕದಲ್ಲಿ ಸೌತೆಕಾಯಿ, ಚುರುಮುರಿ, ಪ್ಲಾಸ್ಟಿಕ್ ರುದ್ರಾಕ್ಷಿ. ಗವಿಯ ಬಾಯಿಗೆ ಹೋಗುವ ಕಬ್ಬಿಣದ ಮೆಟ್ಟಿಲ ಹತ್ತಿರ ಚೈತ್ರ ನಿಂತುಬಿಟ್ಟಳು.

"ನೀನ್ ಓಗಿದ್ದು ಬಾ ಅಜ್ಜಿ. ನಾನ್ ಇಲ್ಲೇ ಇರ್ತೀನಿ."

"ಯಾಕೆ? ಕಾಲ್ನೋವಾ?"

"ಅಲ್ಲ, ಬೋರ್ಡ್ ನೋಡು. ಮುಟ್ಟಾದೋರು ಬರಂಗಿಲ್ಲ ಅಂತ ಹಾಕವ್ರೆ."

"ಈ ಗವೀಲಿ ರಕ್ತ ಕಾಣ್ದಿರೋ ಕಲ್ಲು ಒಂದೂ ಇಲ್ಲ ಕಣೆ. ಬಾ ಸುಮ್ಕೆ."

"ಬ್ಯಾಡ ಅಜ್ಜಿ. ಏನಾರ ಆದ್ರೆ?"

ಕಾರು ಓಡಿಸುವ ಹುಡುಗಿ, ಸಂಬಳ ತರುವ ಹುಡುಗಿ, ಬಂಡೆಯ ಮೇಲೆ ಕೂತು ಫೋನು ನೋಡತೊಡಗಿದಳು. ನಾನೊಬ್ಬಳೇ ಒಳಗೆ ಹೋದೆ. ಕೆಂಪು ದೀಪ, ಹಸಿರು ದೀಪ, ನೀಲಿ ದೀಪ. ಮೇಲಿನ ಬಂಡೆಗೆ ಹಿಡಿದ ಮಸಿ ಹೋಮದ ಹೊಗೆಯಂತೆ. ಕೆಳಗಿನ ಕಲ್ಲಿನ ಗುಂಡಿ ಮುನಿಗಳು ಭಸ್ಮ ಕಲಸುತ್ತಿದ್ದ ಬಟ್ಟಲಂತೆ. ಎರಡು ಬಂಡೆ ಕೂಡುವ ಕಡೆ ತೂತಿರುವ ಕಲ್ಲೊಂದು ಇಳಿಬಿದ್ದಿದೆ, ಅದಕ್ಕೆ ಕೆಂಪು ನೈಲಾನು ಹಗ್ಗ ಹಾಕಿದ್ದಾರೆ. ನಿದ್ದೆ ಬಾರದಿರಲೆಂದು ಜಟಾಮುನಿಗಳು ತಮ್ಮ ಜಟೆಯನ್ನು ಹಗ್ಗದಿಂದ ಆ ಕಲ್ಲಿಗೆ ಕಟ್ಟಿಕೊಂಡು ಕೂರುತ್ತಿದ್ದರೆಂದು ಸ್ಪೀಕರು ಹೇಳಿತು. ಜನ ಒಬ್ಬರಾದ ಮೇಲೆ ಒಬ್ಬರು ಹಗ್ಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಮುಟ್ಟಲಿಲ್ಲ. ಏನಾರ ಆದ್ರೆ ಎಂಬ ಮಾತನ್ನು ಆ ಗವಿಯ ದಾರಿಯಲ್ಲಿ ನಾನು ಹಿಂದೊಮ್ಮೆ ಕೇಳಿದ್ದೆ. ಆಗ ಅದನ್ನು ಆಡಿದವಳು ನನ್ನ ಅಜ್ಜಿ.

ನಮ್ಮ ಮನೆಗೆ ಕಟ್ಟಿದ ಗೋಡೆ ಮೂರೇ. ನಾಲ್ಕನೆಯದು ಬೋಳುಬಂಡೆ. ಮುಂದೆ ಜಗುಲಿ, ಆಮೇಲೆ ನಡುಮನೆ, ಅದರ ಒಂದು ಮೂಲೆಯಲ್ಲಿ ಬಿತ್ತನೆ ರಾಗಿಯ ವಾಡೆ, ಹಿಂದೆ ಬಂಡೆಗೆ ಒರಗಿಕೊಂಡ ಅಡುಗೆಮನೆ. ಮಗ್ಗುಲಿಗೆ ದನದ ಕೊಟ್ಟಿಗೆ. ಮಳೆಗಾಲದಲ್ಲಿ ಅಡುಗೆಮನೆಯ ಬಂಡೆ ಬೆವರುತ್ತಿತ್ತು. ಅಜ್ಜಿ ಗೋಣಿತಾಟಿನಲ್ಲಿ ಅದನ್ನು ಎಮ್ಮೆಯ ಮೈ ಒರೆಸಿದ ಹಾಗೆ ಒರೆಸುತ್ತಿದ್ದಳು. ಅಡುಗೆಮನೆಗೊಂದು ಹಿಂಬಾಗಿಲು. ಅದನ್ನು ದಾಟಿದರೆ ಎರಡು ಗುಂಡುಬಂಡೆಗಳ ಸಂದಿ, ಸಂದಿ ದಾಟಿದರೆ ಗವಿ. ಗವಿಯ ಬಾಯಿ ಎಷ್ಟು ತಗ್ಗೆಂದರೆ ಊರ ಪಟೇಲರೂ ಬಗ್ಗಿಯೇ ಹೋಗಬೇಕು. ಒಳಗೆ ಹೋದರೆ ನಮ್ಮ ಮನೆಯಷ್ಟು ಅಗಲ. ಮೇಲೊಂದು ಬಿರುಕು, ಅದರಿಂದ ಬೆಳಕು. ಮೂಲೆಯಲ್ಲಿ ಬಂಡೆಯಿಂದ ಜಿನುಗುವ ನೀರು, ಬೇಸಿಗೆಯಲ್ಲೂ ಬತ್ತದ್ದು. ಗಾಳಿ ನುಗ್ಗುವುದಿಲ್ಲ, ಬಿಸಿಲು ಕಾಯುವುದಿಲ್ಲ, ಚಳಿ ಕೊರೆಯುವುದಿಲ್ಲ. ಊರಿನವರು ಅದನ್ನು ಬಾಣಂತಿ ಗವಿ ಎನ್ನುತ್ತಿದ್ದರು. ಹೆತ್ತ ಮೈಲಿಗೆ ಮನೆಗೆ ತಾಗಬಾರದು, ಬಾಣಂತಿಗೆ ಗಾಳಿ ಸೋಕಬಾರದು, ಎರಡೂ ಒಂದೇ ಜಾಗದಲ್ಲಿ ಆಗುತ್ತಿತ್ತು. ಮೈಲಿಗೆಗೆಂದೇ ಇಟ್ಟುಕೊಂಡ ಜಾಗ ಅದು. ಊರಿನ ಅಷ್ಟೂ ಜನ ಅಲ್ಲೇ ಹುಟ್ಟಿದವರು, ನಾನೂ.

ಹೆರಿಗೆ ಮಾಡಿಸುತ್ತಿದ್ದವಳು ಅಪ್ಪನ ತಾಯಿ, ತಿಮ್ಮಜ್ಜಿ. ಅವಳಿಗೆ ಮೊದಲು ಅವಳತ್ತೆ. ಅಜ್ಜಿಯ ಬಳಿ ಒಂದು ಹಗ್ಗವಿತ್ತು. ಕತ್ತಾಳೆ ನಾರು ಕೊಳೆಹಾಕಿ, ಬಡಿದು, ತಾನೇ ಹೊಸೆದು, ಹರಳೆಣ್ಣೆ ಉಜ್ಜಿ ಉಜ್ಜಿ ಪಳಗಿಸಿದ ಹಗ್ಗ. ಗವಿಯ ತೂತುಗಲ್ಲಿಗೆ ಕಿವಿಕಲ್ಲು ಎಂದು ಹೆಸರು. ಬೇನೆ ಶುರುವಾದವಳನ್ನು ಅದರ ಕೆಳಗೆ ಕುಕ್ಕರಗಾಲಲ್ಲಿ ಕೂರಿಸಿ, ಹಗ್ಗವನ್ನು ಕಿವಿಗೆ ತೂರಿಸಿ ಎರಡೂ ತುದಿಯನ್ನು ಅವಳ ಕೈಗೆ ಕೊಡುವುದು. ಬೇನೆ ಬಂದಾಗ ಅವಳು ಜೋತುಬೀಳುವುದು. ಎಷ್ಟು ಹೆಂಗಸರು ಜೋತಿದ್ದರೋ, ಕಲ್ಲಿನ ಕಿವಿ ಒಳಗಡೆ ಕೊಂಬಿನ ಹಾಗೆ ನುಣ್ಣಗಾಗಿತ್ತು. ಕೆಲಸ ಮುಗಿದ ಮೇಲೆ ಹಗ್ಗ ತೊಳೆದು, ಒಣಗಿಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ. ಅದನ್ನು ಬಾವಿಗೆ ಇಳಿಸುವಂತಿಲ್ಲ, ಹೊರೆಗೆ ಬಿಗಿಯುವಂತಿಲ್ಲ, ದನಕ್ಕಂತೂ ಕಟ್ಟಲೇಬಾರದು. ನಾನೊಮ್ಮೆ ಉಯ್ಯಾಲೆ ಆಡಲು ಕೇಳಿ ಬೆನ್ನಿಗೆ ಗುದ್ದು ತಿಂದಿದ್ದೆ.

ಗವಿಯಲ್ಲಿ ಹಚ್ಚಿದ ಬೆಂಕಿ ಬಾಣಂತಿ ಹೊರಬರುವ ತನಕ ಆರುವಂತಿರಲಿಲ್ಲ. ಹೊರಡುವ ದಿನ ಅವಳೇ ಆ ಬೆಂಕಿಯ ಕೆಂಡವನ್ನು ಮಡಕೆಯ ಚೂರಿನಲ್ಲಿಟ್ಟುಕೊಂಡು ಬಂದು ಮನೆಯ ಒಲೆಗೆ ಹಾಕಬೇಕು. ಆಮೇಲೆಯೇ ಅವಳಿಗೆ ಅಡುಗೆಮನೆ. ಆ ಕಲ್ಲಿನ ಗುಂಡಿ ಇದೆಯಲ್ಲ, ಭಸ್ಮದ ಬಟ್ಟಲು, ಅದರಲ್ಲಿ ಅಜ್ಜಿ ಮೆಣಸು, ಬೆಳ್ಳುಳ್ಳಿ, ಒಣಶುಂಠಿ ಕುಟ್ಟುತ್ತಿದ್ದಳು. ನಮ್ಮಲ್ಲಿ ಮೂರು ಹೊತ್ತೂ ಮುದ್ದೆ. ಅನ್ನ ಎನ್ನುವುದು ಹಬ್ಬಕ್ಕೆ, ಇಲ್ಲವೆ ಬಾಣಂತಿಗೆ. ನನ್ನ ತಂಗಿ ಹುಟ್ಟಿದಾಗ ಅವ್ವನಿಗೆ ಬಿಸಿ ಅನ್ನ, ತುಪ್ಪ, ಖಾರದ ಸಾರು ಒಯ್ದು ಕೊಡುವ ಕೆಲಸ ನನ್ನದು. ಅವ್ವ ಒಂದು ತುತ್ತು ನನ್ನ ಬಾಯಿಗೆ ಹಾಕುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು ಖಾರ. ಹೊಲ, ದನ, ಬೀಸುವ ಕಲ್ಲು, ಯಾವುದೂ ಇಲ್ಲದೆ ಅವ್ವ ಕಾಲು ಚಾಚಿ ಮಲಗಿದ್ದನ್ನು ನಾನು ಕಂಡದ್ದು ಆ ಗವಿಯಲ್ಲಿ ಮಾತ್ರ.

"ಇಲ್ಲೇ ಇದ್ಬುಡಾನ ಅನ್ಸ್ತದೆ ಕಣೆ ಜಯಿ," ಅನ್ನುತ್ತಿದ್ದಳು. "ನಿಮ್ಮಜ್ಜಿ ಬಿಟ್ರೆ ತಾನೆ?"

ಅಪ್ಪನ ಹೆಸರು ರಂಗೇಗೌಡ. ಒಳ್ಳೆಯ ಆರಂಬಗಾರ, ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಆದರೆ ಊರಿನಲ್ಲಿ ಅವನನ್ನು ಸೂಲಗಿತ್ತಿ ಮಗ ಎಂದೇ ಕರೆಯುತ್ತಿದ್ದರು, ಅದು ಅವನಿಗೆ ಮುಳ್ಳು. ಒಂದು ದಿನ ಬಂಡೆ ನೋಡಲೆಂದು ಜೀಪೊಂದು ಬಂತು. ಯಾರೋ ಆಫೀಸರು, ಜೊತೆಗೆ ಅವರ ಹೆಂಡತಿ. ಅಪ್ಪ ದಾರಿ ತೋರಿಸಿದ. ಗವಿಯ ಒಳಗೆ ಬಗ್ಗಿ ನೋಡಿ ಆಯಮ್ಮ, ಇದೇನು ಇಷ್ಟು ಮಸಿ, ಇದೇನು ತೂತು, ಇಲ್ಲಿ ಯಾರಿದ್ದರು ಎಂದು ಕೇಳಿದರಂತೆ. ಅಪ್ಪ ಮುನಿಗಳು ಎಂದ. ಮಿಕ್ಕಿದ್ದು ತಾನೇ ಬಂತು. ಆಯಮ್ಮ ಚಪ್ಪಲಿ ಬಿಟ್ಟು ಅಡ್ಡಬಿದ್ದರು. ದೀಪ ಹಚ್ಚುವ ಹೊತ್ತಿಗೆ ಉಣ್ಣಲು ಕೂತಾಗ ಅಪ್ಪ ಇದನ್ನು ನಾಚಿಕೊಂಡೇ ಹೇಳಿದ.

"ಎಂಥ ಮುನೀನ್ಲಾ?" ಅಜ್ಜಿ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ಯಾವ ಕಾಲದೋನು?"

"ಹಳೇ ಕಾಲದೋನು ಕಣವ್ವಾ."

"ಅವ್ನ ಹೊಕ್ಕಳು ಕೊಯ್ದೋಳೂ ನಾನೇನಾ? ನಂಗೆ ನೆಪ್ಪಿಲ್ಲ."

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಹೇಳಿದಳು, "ಅತ್ತೆ, ಜಟೆ ಕಟ್ಟಕೆ ಹಗ್ಗ ಬೇಕಲ್ಲ, ನಿಮ್ ಹಗ್ಗಾನೇ ಇಸ್ಕಂಡಿದ್ನಾ ಕೇಳಿ ಮತ್ತೆ. ತೊಳ್ದು ಕೊಟ್ನಾ ಇಲ್ವಾ?"

ನಾವೆಲ್ಲ ನಕ್ಕೆವು. ಅಪ್ಪನೂ ನಕ್ಕ. ಆಮೇಲೆ, "ಇನ್ನೇನ್ ಅನ್ಬೇಕಿತ್ತು? ಅಷ್ಟು ದೊಡ್ಡ ಮನುಸ, ಪಕ್ದಲ್ಲಿ ಎಂಡ್ರು ನಿಂತವ್ರೆ. ಸಾ, ಇಲ್ಲಿ ನಮ್ ಎಂಗಸ್ರು ಹೆರ್ತಾರೆ ಅನ್ನಕಾಯ್ತದಾ?" ಎಂದ.

ಯಾಕಾಗುವುದಿಲ್ಲ ಎಂದು ಯಾರೂ ಕೇಳಲಿಲ್ಲ. ನಮಗೂ ಅದು ನಾಚಿಕೆಯ ಮಾತೇ ಆಗಿತ್ತು.

ಜೀಪಿನವರು ಇನ್ನೊಬ್ಬರಿಗೆ ಹೇಳಿದರು. ಚನ್ನರಾಯಪಟ್ಟಣದಿಂದ ಜನ ಬಂದರು. ಬೆಳಗೊಳ ನೋಡಲು ಬಂದವರು ಇತ್ತ ತಿರುಗಿದರು. ಅಪ್ಪ ಹೊಂಗೆ ಎಣ್ಣೆಯ ಪಂಜು ಹಿಡಿದು ಮುಂದೆ ನಡೆಯುತ್ತಿದ್ದ. ಹಣೆಗೆ ವಿಭೂತಿ ಬಂತು, ಹೆಗಲಿಗೆ ಶುಭ್ರವಾದ ಟವೆಲು ಬಂತು. ಸೂಲಗಿತ್ತಿ ಮಗ ಹೋಗಿ ಗವಿ ರಂಗಣ್ಣ ಆದ. ಬಂದವರಿಗೆ ಕಾಫಿ ಕಾಯಿಸುವುದು ಅವ್ವನ ಪಾಲಿಗೆ ಬಂತು. ಒಂದು ದಿನ ಅಪ್ಪ ಗವಿಯೊಳಗಿನ ಒಲೆಗಲ್ಲು, ಮಡಕೆ, ಹಳೇ ಚಾಪೆ ಎಲ್ಲವನ್ನೂ ತಿಪ್ಪೆಗೆ ಎಸೆದ. ಬಂದವರ ಕಣ್ಣಿಗೆ ಬಾಣಂತಿಯರ ಬಟ್ಟೆಬರೆ ಕಾಣಬಾರದೆಂದು ನಮ್ಮ ಹಿಂಬಾಗಿಲಿಗೆ ಹಲಗೆ ಹೊಡೆದ. ಅಜ್ಜಿ ಅವತ್ತು ಮಗನ ಮೇಲೆ ಕಿರುಚಿದ್ದು ಊರಿಗೆಲ್ಲ ಕೇಳಿಸಿತು.

"ನಾಳಿಕ್ಕೆ ನಿನ್ ಎಂಡ್ರು ಎಲ್ ಹೆರ್ಬೇಕ್ಲಾ? ಜಗುಲಿ ಮ್ಯಾಲಾ?"

"ಆಗ ಹಲಗೆ ತಗುದ್ರಾಯ್ತು ಸುಮ್ಕಿರವ್ವ."

ತೆಗೆಯಬಹುದಿತ್ತು. ಅಷ್ಟರಲ್ಲಿ ಜೇನು ಎದ್ದಿತು. ಗವಿಯ ನೆತ್ತಿಯ ಬಂಡೆಯಲ್ಲಿ ಪ್ರತಿ ವರ್ಷ ಹೆಜ್ಜೇನು ಕಟ್ಟುತ್ತಿತ್ತು, ನಮಗೆ ಅದು ಏನೂ ಮಾಡುತ್ತಿರಲಿಲ್ಲ. ಹೊಳೆನರಸೀಪುರದ ಕಡೆಯ ಮದುವೆ ದಿಬ್ಬಣವೊಂದು ಗವಿ ನೋಡಲು ಬಂದಿತ್ತು. ದಿಬ್ಬಣವೆಂದು ಅಪ್ಪ ಜೋರಾಗಿ ಎರಡು ಪಂಜು ಹಚ್ಚಿದ. ಹೊಗೆ ಬಿರುಕಿನಿಂದ ಮೇಲೇರಿತು, ಹೆಜ್ಜೇನು ಎದ್ದು ಮದುಮಗನ ಮುಖವನ್ನೇ ಮುಚ್ಚಿಬಿಟ್ಟಿತು. ಅವನು ಬದುಕಿದ. ಆದರೆ ಊರಿಗೆ ಒಂದು ಕಾರಣ ಬೇಕಾಗಿತ್ತು. ಹಲಗೆ ಹೊಡೆಯುವ ಸ್ವಲ್ಪ ದಿನ ಮೊದಲು ಕೆಳಗಿನ ಬೀದಿಯ ಒಬ್ಬಳು ಗವಿಯಲ್ಲಿ ಹೆತ್ತಿದ್ದಳು. ಮುನಿಗಳಿಗೆ ಮೈಲಿಗೆ ತಾಗಿತು ಎಂದರು. ಪಂಜಿನ ಹೊಗೆ ಎಂದು ಅಪ್ಪ ಹೇಳಬಹುದಿತ್ತು. ಹೇಳಿದ್ದರೆ ತಪ್ಪು ಅವನದಾಗುತ್ತಿತ್ತು, ಅವನು ಸುಮ್ಮನಿದ್ದ. ಪಟೇಲ ನಂಜೇಗೌಡರು ಅರಳಿಕಟ್ಟೆಯಲ್ಲಿ ಜನ ಸೇರಿಸಿ, ಇನ್ನು ಮೇಲೆ ಮುಟ್ಟಾದವರು, ಬಸುರಿ ಬಾಣಂತಿಯರು, ಸೂತಕದವರು ಗವಿಗೆ ಹೋಗಕೂಡದು ಎಂದು ತೀರ್ಮಾನ ಮಾಡಿದರು. ಆಗ ಅವ್ವ ಬಸುರಿ. ಅಜ್ಜಿ ಸುದ್ದಿ ಕೇಳಿಯೂ ಅಕ್ಕಿ ಆರಿಸುತ್ತಲೇ ಕೂತಿದ್ದಳು. ಮಾರನೆಯ ದಿನದಿಂದ ಅವಳು ಗವಿಯ ಕಡೆ ತಿರುಗಿ ಕೈಮುಗಿಯುವುದನ್ನು ನಾನು ನೋಡಿದೆ. ಮುನಿ ಇಲ್ಲವೆಂದು ಗೊತ್ತಿದ್ದವಳು. ಜೇನು ಕಣ್ಣಾರೆ ಕಂಡ ಮೇಲೆ ಅವಳಿಗೂ ಅನುಮಾನ ಹೊಕ್ಕಿತ್ತು. ಸುಳ್ಳು ಎಂದು ತಿಳಿದೂ ಹೆದರುವುದನ್ನು ನಾನು ಕಲಿತದ್ದು ಅವಳಿಂದ, ಬಿಟ್ಟದ್ದು ಅವ್ವ ಸತ್ತ ಮೇಲೆ. ಇವತ್ತಿಗೂ ಯಾರಾದರೂ ಕಣ್ಣು ಮುಚ್ಚಿ ಕೈಮುಗಿದು ದೊಡ್ಡ ಕಥೆ ಶುರುಮಾಡಿದರೆ, ಇವರ ಮನೆಯ ಹೆಂಗಸರು ಎಲ್ಲಿ ಮಲಗುತ್ತಾರೆ ಎಂದು ನಾನು ಮೊದಲು ಯೋಚಿಸುತ್ತೇನೆ.

ಮಳೆಗಾಲದ ಒಂದು ದಿನ ಬೆಳಿಗ್ಗೆ, ಅವ್ವ ಮುದ್ದೆಗೆ ಹಿಟ್ಟು ಹಾಕಿದವಳು ಕೋಲು ಬಿಟ್ಟು ಕೂತಳು. ಅಜ್ಜಿ ನನ್ನನ್ನು ಅಟ್ಟ ಹತ್ತಿಸಿ ಹಗ್ಗ ಇಳಿಸಿಕೊಂಡಳು. ತಾನೇ ಕುಡುಗೋಲಿನ ಬೆನ್ನಿನಿಂದ ಹಿಂಬಾಗಿಲ ಹಲಗೆ ಕಿತ್ತಳು. ನನಗೆ ಸೀರೆ ಉಡುವ ವಯಸ್ಸಾಗಿರಲಿಲ್ಲ, ಬಿಂದಿಗೆ ಹೊರುವ ವಯಸ್ಸಾಗಿತ್ತು. ಒಂದು ಕಡೆ ಅಜ್ಜಿ, ಒಂದು ಕಡೆ ನಾನು, ನಡುವೆ ಅವ್ವ. ಗುಂಡುಗಳ ಸಂದಿಯ ತನಕ ಹೋದೆವು. ಅಲ್ಲಿ ಪಟೇಲರು ನಿಂತಿದ್ದರು, ಜೊತೆಗೆ ಅಪ್ಪ, ಇನ್ನೊಂದಿಷ್ಟು ಜನ. ಮಾರನೆಯ ದಿನ ಹಾಸನದಿಂದ ದೊಡ್ಡವರು ಬರುವುದಿತ್ತು. ಅವರು ಮನಸ್ಸು ಮಾಡಿದರೆ ಊರಿಗೆ ರಸ್ತೆ ಬರುತ್ತದೆ ಎಂದು ದಾರಿಯ ಮುಳ್ಳು ಸವರಿಸುತ್ತಿದ್ದರು.

"ಎಲ್ಲಿಗ್ ತಿಮ್ಮವ್ವಾ?" ಪಟೇಲರು ಕೇಳಿದರು.

"ಕಾಣಕಿಲ್ವಾ? ಬಿಡಿ ದಾರಿ."

"ಅಲ್ಲಿಗ್ ಬ್ಯಾಡ. ಮೊನ್ನೆ ಏನಾಯ್ತು ಅಂತ ಮರ್ತೋಯ್ತಾ?"

"ನೀವೂ ಅಲ್ಲೇ ಹುಟ್ಟಿದ್ದು ಗೌಡ್ರೇ. ನಿಮ್ಮ ಹೊಕ್ಕಳು ಕೊಯ್ದೋಳು ನಮ್ಮತ್ತೆ."

"ಗೊತ್ತಿಲ್ದಾಗ ಆಯ್ತು. ಗೊತ್ತಾದ್ಮ್ಯಾಲೂ ಮಾಡಕಾಯ್ತದಾ?"

"ಏನ್ ಗೊತ್ತಾಗಿರಾದು? ಮುನಿನೂ ಇಲ್ಲ, ಗಿನಿನೂ ಇಲ್ಲ. ನನ್ ಮಗ ಜೀಪ್ನೋರಿಗೆ ಕಟ್ಟಿದ್ ಕತೆ ಅದು."

ಸವರುತ್ತಿದ್ದವರ ಕುಡುಗೋಲು ನಿಂತವು. ಪಟೇಲರು ಅಪ್ಪನ ಕಡೆ ತಿರುಗಿದರು. ಅವರು ಕೆಟ್ಟವರಲ್ಲ, ಅದನ್ನು ಬರೆಯಲೇಬೇಕು.

"ಹೌದೇನ್ಲಾ ರಂಗ? ನೀನೇ ಯೋಳು. ಕಟ್ಟಿದ್ ಕತೆ ಅಂದ್ರೆ ನಾನೇ ಇವ್ಳ ಕೈ ಹಿಡ್ದು ಒಳಕ್ ಬಿಟ್ ಬತ್ತೀನಿ. ಮುನಿಗಳು ಇದ್ರೋ, ಇಲ್ವೋ?"

ಅಪ್ಪ ಅಜ್ಜಿಯನ್ನು ನೋಡಿದ. ಅವ್ವನನ್ನು ನೋಡಲಿಲ್ಲ. ಅವ್ವ ಬಂಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು.

"ಯೋಳಿ," ಎಂದಳು. "ಬಿರ್ನೆ ಯೋಳಿ. ತಡ್ಕಳಕಾಯ್ತಿಲ್ಲ."

"ಇದ್ರು ಕಣ್ ಗೌಡ್ರೇ," ಎಂದ ಅಪ್ಪ.

ಒಂದು ಮಾತು. ಇಲ್ಲ ಎಂದಿದ್ದರೆ ಜನ ನಗುತ್ತಿದ್ದರು, ನಾಲ್ಕು ದಿನ ಆಡಿಕೊಳ್ಳುತ್ತಿದ್ದರು, ಮತ್ತೆ ಸೂಲಗಿತ್ತಿ ಮಗ ಎನ್ನುತ್ತಿದ್ದರು. ಅಷ್ಟೇ. ಆಗಲೂ ಅಜ್ಜಿ ನುಗ್ಗಬಹುದಿತ್ತು. ಅವಳನ್ನು ಕೈಹಿಡಿದು ತಡೆಯುವ ಧೈರ್ಯ ಆ ಗಂಡಸರಲ್ಲಿ ಯಾರಿಗೂ ಇರಲಿಲ್ಲ, ಎಲ್ಲರೂ ಅವಳ ಕೈಯಲ್ಲಿ ಭೂಮಿಗೆ ಬಿದ್ದವರು, ಇಲ್ಲವೆ ಅವಳತ್ತೆಯ ಕೈಯಲ್ಲಿ. ಅಜ್ಜಿ ಗವಿಯ ನೆತ್ತಿಯನ್ನು ನೋಡಿದಳು. ಜೇನುಹುಟ್ಟು ಕಪ್ಪಗೆ ಜೋತಾಡುತ್ತಿತ್ತು. "ಏನಾರ ಆದ್ರೆ?" ಎಂದಳು, ಬೇರೆ ಯಾರಿಗೂ ಅಲ್ಲ, ತನಗೆ ತಾನೇ. ಅವ್ವನ ತೋಳು ಹಿಡಿದು ಮನೆಯ ಕಡೆ ತಿರುಗಿಸಿದಳು.

ಮನೆಯೊಳಗೆ ಹೆರುವಂತಿಲ್ಲ, ಬಿತ್ತನೆ ರಾಗಿ ಇತ್ತು, ದೇವರ ಗೂಡಿತ್ತು. ಕೊಟ್ಟಿಗೆಯಿಂದ ದನ ಹೊರಗೆ ಅಟ್ಟಿ, ಹುಲ್ಲು ಹಾಸಿದೆವು. ಹೆಂಚು ಸೋರುತ್ತಿತ್ತು. ಅಜ್ಜಿ ಹಗ್ಗವನ್ನು ಮೇಲಿನ ಜಂತೆಗೆ ಎಸೆದು ತುದಿಗಳನ್ನು ಅವ್ವನ ಕೈಗೆ ಕೊಟ್ಟಳು. ಜಂತೆಯನ್ನು ಗೆದ್ದಲು ತಿಂದಿತ್ತು. ಹೊರಗಿನಿಂದ ಅದು ಮರದಂತೆಯೇ ಕಾಣುತ್ತಿತ್ತು. ಮೂರೋ ನಾಲ್ಕೋ ಬೇನೆ ತಡೆಯಿತು. ಆಮೇಲೆ ಅವ್ವ ಪೂರಾ ಜೋತುಬಿದ್ದಾಗ ಲಟಕ್ಕೆಂದಿತು. ಅವ್ವ ಹಿಂದಕ್ಕೆ ಬಿದ್ದಳು, ದನಕ್ಕೆ ಹುಲ್ಲು ಹಾಕುವ ಗೊಂತಿನ ಕಲ್ಲಿನ ಮೇಲೆ ಸೊಂಟ. ಮೇಲಿನಿಂದ ಹೆಂಚು. ಮಗು ಹೊರಗೆ ಬಂತು, ಉಸಿರಾಡಲಿಲ್ಲ. ರಕ್ತ ನಿಲ್ಲಲಿಲ್ಲ. ಅಜ್ಜಿ ಗೊತ್ತಿದ್ದದ್ದನ್ನೆಲ್ಲ ಮಾಡಿದಳು, ಆಮೇಲೆ ಗೊತ್ತಿಲ್ಲದ್ದನ್ನೂ ಮಾಡಿದಳು. ಚನ್ನರಾಯಪಟ್ಟಣದ ಆಸ್ಪತ್ರೆಗೆ ಒಯ್ಯಲು ಅಪ್ಪ ಗಾಡಿ ಹೂಡಲು ಹೋದ, ನೊಗದ ಕಣ್ಣಿಯನ್ನು ಎರಡು ಸಲ ತಪ್ಪಿ ಹಾಕಿದ, ಪಟೇಲರೇ ಎತ್ತು ಕಟ್ಟಿಕೊಟ್ಟರು. ಗಾಡಿ ಬೀದಿ ದಾಟಲಿಲ್ಲ. ಅವ್ವ ಹೋದಳು.

ಬೇನೆಯ ನಡುವೆ ಅವಳು ಒಮ್ಮೆ ನನ್ನ ಕಡೆ ತಿರುಗಿ, "ಅನ್ನಕ್ಕೆ ಇಟ್ಯೇನೆ ಜಯಿ?" ಎಂದಿದ್ದಳು. ಇಟ್ಟಿದ್ದೆ. ಒಲೆಯ ಮೇಲೆ ಅದು ಸೀದು ಹೋಗಿತ್ತು.

ಬೆಳಕಿದ್ದಾಗಲೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅಜ್ಜಿ ಅತ್ತೂ ಕರೆದೂ ಮಾಡಲಿಲ್ಲ. ಸ್ನಾನ ಮಾಡಿ ಬಂದು ಜಗುಲಿಯ ಮೇಲೆ ತಂಗಿಯನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಅಪ್ಪ ಕಂಬಕ್ಕೆ ಒರಗಿ ಬಿಕ್ಕುತ್ತಿದ್ದ. ಅಜ್ಜಿ ಅವನಿಗೆ ಹೇಳಿದ್ದು ಇಷ್ಟು:

"ನಿನ್ನ ಮುನಿ ಈಗ ದಿಟ್ವಾಗ್ಲೂ ಹುಟ್ದ ಕಣ್ಲಾ ರಂಗ."

ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ಕೊಟ್ಟಿಗೆಗೆ ಹೋಗಿ ಮುರಿದ ಜಂತೆಯ ಅಡಿಯಿಂದ ಹಗ್ಗ ಎಳೆದುಕೊಂಡೆ. ತೊಳೆಯಲಿಲ್ಲ. ಕಿತ್ತ ಹಲಗೆಯ ಬಾಗಿಲಿನಿಂದ ಗವಿಗೆ ಹೋಗಿ, ಕಲ್ಲಿನ ಮೇಲೆ ಹತ್ತಿ ಅದನ್ನು ಕಿವಿಗೆ ತೂರಿಸಿ ಎರಡೂ ತುದಿಯನ್ನು ಇಳಿಬಿಟ್ಟೆ, ಅಜ್ಜಿ ಬಿಡುತ್ತಿದ್ದ ಹಾಗೆಯೇ. ಬಂದವರು ಹಗ್ಗ ನೋಡುತ್ತಾರೆ, ಕಲೆ ನೋಡುತ್ತಾರೆ, ಇದೇನು ಎಂದು ಕೇಳುತ್ತಾರೆ, ಅಪ್ಪ ಹೇಳಲೇಬೇಕಾಗುತ್ತದೆ. ಅದು ನನ್ನ ಯೋಚನೆ. ಬಿಸಿಲೇರುವ ಹೊತ್ತಿಗೆ ಎರಡು ಕಾರು ಬಂದವು. ಹಿಂದಿನ ದಿನ ಬಂದಿದ್ದರೆ ಅವ್ವನನ್ನು ಅದರಲ್ಲಿ ಮಲಗಿಸಬಹುದಿತ್ತು. ಪಟೇಲರು ಮನೆಯ ಬಾಗಿಲಿಗೆ ಬಂದು ಹೇಳಿದರು:

"ರಂಗ, ಸೂತಕ ಕಣ್ಲಾ. ಇವತ್ತು ಬ್ಯಾಡ, ನಾನೇ ಯೋಳಿ ಕಳಿಸ್ತೀನಿ."

"ಅಷ್ಟು ದೂರದಿಂದ ಬಂದವ್ರೆ ಗೌಡ್ರೇ, ಅಂಗೇ ಕಳ್ಸಕಾಯ್ತದಾ?" ಎಂದ ಅಪ್ಪ. ಅವನ ಕಣ್ಣು ಊದಿಕೊಂಡಿತ್ತು. "ತಲೆ ಮ್ಯಾಲೆ ನೀರು ಉಯ್ಕಂಡಿವ್ನಿ. ಏನಾಗಕಿಲ್ಲ."

ಪಟೇಲರು ಪಕ್ಕಕ್ಕೆ ಸರಿದರು. ಅವ್ವನಿಗೆ ಬಿಡದ ದಾರಿ. ಅಪ್ಪ ವಿಭೂತಿ ಬಳಿದುಕೊಂಡು ಪಂಜು ಹಚ್ಚಿದ. ನಾನು ಹಿಂದೆಯೇ ಹೋಗಿ ಗವಿಯ ಬಾಯಲ್ಲಿ ನಿಂತೆ. ಮಸಿ ತೋರಿಸಿದ, ಗುಂಡಿ ತೋರಿಸಿದ, ಪಂಜು ಎತ್ತಿ ಕಿವಿಕಲ್ಲಿನ ಕಡೆ ತಿರುಗಿದವನು ಹಗ್ಗ ಕಂಡು ನಿಂತ. ತಿರುಗಿ ನನ್ನನ್ನು ನೋಡಿದ. ಬಂದವರಲ್ಲಿ ರೇಷ್ಮೆ ಸೀರೆಯ ಒಬ್ಬಾಕೆ ಕೇಳಿದರು:

"ಇದೇನಪ್ಪಾ ಹಗ್ಗ? ಕೆಂಪಗೆ ಕಲೆ ಇದೆಯಲ್ಲ?"

ಪಂಜಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಮುನಿಗೋಳು ಜಟೆ ಕಟ್ಕತಿದ್ ಹಗ್ಗ ಕಣ್ರವ್ವಾ," ಎಂದ ಅಪ್ಪ. "ಕಲೆ, ಕುಂಕುಮದ್ದು."

ಆಯಮ್ಮ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಉಳಿದವರೂ ಒತ್ತಿಕೊಂಡರು.

ಕಾರುಗಳು ಹೋದ ಮೇಲೆ ನಾನು ಗವಿಗೆ ಹೋಗಿ ಹಗ್ಗ ಬಿಚ್ಚಿಕೊಂಡೆ. ಅಪ್ಪ ಆ ಜಾಗಕ್ಕೆ ಸಂತೆಯ ಹಗ್ಗ ತಂದು ಹಾಕಿದ್ದು ಆಮೇಲೆ. ಈಗಿನ ನೈಲಾನು ಹಗ್ಗ ಅದರ ಮೊಮ್ಮಗ. ಮನೆಗೆ ಬಂದರೆ ಕರು ಕಟ್ಟಿಲ್ಲದೆ ಹಸುವಿನ ಕೆಚ್ಚಲಿಗೆ ಬಾಯಿ ಹಾಕಿತ್ತು. ಅದರ ಹಗ್ಗ ಬಿದ್ದ ಹೆಂಚುಗಳ ಅಡಿಯಲ್ಲಿ ಎಲ್ಲೋ ಹೂತಿತ್ತು. ನಾನು ಕೈಯಲ್ಲಿದ್ದ ಹಗ್ಗಕ್ಕೆ ಕುಣಿಕೆ ಹಾಕಿದೆ.

"ಅದ್ನ ದನಕ್ಕೆ ಕಟ್ಬಾರ್ದು ಕಣೆ ಜಯಿ," ಜಗುಲಿಯಿಂದ ಅಜ್ಜಿ ಹೇಳಿದಳು. ಎದ್ದು ಬರಲಿಲ್ಲ.

ನಾನು ಕರುವಿನ ಕೊರಳಿಗೆ ಹಾಕಿ ಗೂಟಕ್ಕೆ ಬಿಗಿದೆ. ಕರು ಹಿಂಗಾಲು ಊರಿ ಎಳೆಯಿತು, ಮತ್ತೆ ಮತ್ತೆ ಎಳೆಯಿತು. ಹಗ್ಗ ಗಟ್ಟಿಯಾಗಿಯೇ ಇತ್ತು. ನಾನು ಚೊಂಬು ತೊಳೆದುಕೊಂಡು ಹಾಲು ಕರೆಯಲು ಕೂತೆ.